ಊಟದ ಪೊಟ್ಟಣ ಆಮೇಲೆ: ಸೂರಿಲ್ಲದವರ ಜೊತೆ ನಿಲ್ಲಲು ತುಮಕೂರಿನ ಕ್ರೈಸ್ತ ಸಭೆಗಳಿಗೊಂದು ಮಾರ್ಗದರ್ಶಿ

ಬಡವರಿಗಾಗಿ ನಮ್ಮ ಚರ್ಚು ಏನಾದರೂ ಮಾಡಬೇಕು ಎಂಬ ಮಾತು ಕಮಿಟಿ ಮೀಟಿಂಗಿನಲ್ಲಿ ಬಂದ ಕೂಡಲೇ ಯಾರಾದರೊಬ್ಬರು ಪುಲಾವ್ ಪೊಟ್ಟಣದ ಲೆಕ್ಕ ಶುರು ಮಾಡುತ್ತಾರೆ. ಅಕ್ಕಿ ಎಷ್ಟು, ಎಣ್ಣೆ ಎಷ್ಟು, ಬ್ಯಾನರ್ ಯಾರು ಮಾಡಿಸುತ್ತಾರೆ. ತುಮಕೂರಿನ ಮಟ್ಟಿಗೆ ಆ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಹಾಕಿ ಎನ್ನುವುದು ನನ್ನ ಸಲಹೆ. ಈ ಊರಿನಲ್ಲಿ ಹೊಟ್ಟೆಗೆ ದಾರಿಗಳಿವೆ. ಸಿದ್ಧಗಂಗಾ ಮಠದ ದಾಸೋಹದಲ್ಲಿ ಬಂದವರ ಜಾತಿ, ಮತ ಕೇಳುವವರಿಲ್ಲ. ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದ ಮೇಲೂ ಆ ಒಲೆ ಆರಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ ₹5, ಊಟಕ್ಕೆ ₹10. ಹುಟ್ಟುಹಬ್ಬ, ಪುಣ್ಯತಿಥಿ ಎಂದು ಬಸ್ ನಿಲ್ದಾಣದ ಸುತ್ತ ಅನ್ನ ಹಂಚುವವರಿಗೂ ಕೊರತೆಯಿಲ್ಲ. ಒಂದೇ ಮಧ್ಯಾಹ್ನ ಮೂರು ಕಡೆಯ ಪೊಟ್ಟಣ ಸಿಕ್ಕು, ಅದೇ ರಾತ್ರಿ ಮಲಗಲು ಜಾಗ ಸಿಗದವರಿದ್ದಾರೆ.

ಸಿಗದೇ ಇರುವುದು ಬೇರೆ: ಒಂದು ಬಕೆಟ್ ಬಿಸಿನೀರು, ಗಂಟು ಇಟ್ಟು ಕೆಲಸಕ್ಕೆ ಹೋಗಲು ಒಂದು ಮೂಲೆ, ಕಳೆದುಹೋದ ಆಧಾರ್ ಮತ್ತೆ ತೆಗೆಸಲು ಜೊತೆಗೆ ಬರುವವರು, ಜಿಲ್ಲಾ ಆಸ್ಪತ್ರೆಯಲ್ಲಿ "ಜೊತೆಗ್ ಯಾರಿದೀರಾ?" ಎಂದು ಕೇಳಿದಾಗ "ನಾನಿದೀನಿ" ಎನ್ನುವ ಒಬ್ಬರು. ಸಭೆಯ ಹತ್ತಿರ ದುಡ್ಡು ಇರಲಿ ಬಿಡಲಿ, ಇಂಥ ಜನ ಇದ್ದೇ ಇರುತ್ತಾರೆ. ನಿವೃತ್ತ ಟೀಚರು, ನರ್ಸು, ಬ್ಯಾಂಕಿನಲ್ಲಿದ್ದವರು, ಯಾವ ಕಚೇರಿಯಲ್ಲಿ ಯಾವ ಕೌಂಟರು ಎಂದು ಬಲ್ಲವರು. ಅವರನ್ನು ಕೆಲಸಕ್ಕೆ ಹಚ್ಚುವ ಕ್ರಮ ಹೀಗಿದೆ.

ಹೆಜ್ಜೆ 1: ಬರಿಗೈಯಲ್ಲಿ ಸುತ್ತಿ ಬನ್ನಿ

ಮೊದಲ ಒಂದೆರಡು ವಾರ ಏನನ್ನೂ ಹಂಚಬೇಡಿ. ಇಬ್ಬಿಬ್ಬರ ಜೋಡಿ ಮಾಡಿಕೊಂಡು, ಒಬ್ಬರು ಹೆಂಗಸು ಇರುವಂತೆ ನೋಡಿಕೊಂಡು, ರಾತ್ರಿ ಒಂಬತ್ತರ ಮೇಲೆ ಒಮ್ಮೆ, ಬೆಳಗ್ಗೆ ಐದೂವರೆಗೆ ಒಮ್ಮೆ ನಡೆದು ನೋಡಿ. ಕ್ಯಾಥೊಲಿಕ್ ಸಭೆಗಳಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಂಘದವರು ಜೋಡಿಯಾಗಿ ಮನೆ ಭೇಟಿ ಮಾಡುವುದು 1833ರಲ್ಲಿ ಆ ಸಂಘ ಪ್ಯಾರಿಸ್ಸಿನಲ್ಲಿ ಹುಟ್ಟಿದ ಕಾಲದ ಪದ್ಧತಿ. ಇವತ್ತಿಗೂ ಅದಕ್ಕಿಂತ ಒಳ್ಳೆಯ ಉಪಾಯ ಕಾಣೆ.

ಎಲ್ಲಿ ನೋಡಬೇಕು? ರೈಲು ನಿಲ್ದಾಣ, ಕೆಎಸ್ಆರ್‌ಟಿಸಿ ಬಸ್ ನಿಲ್ದಾಣದ ಆಸುಪಾಸು, ಜಿಲ್ಲಾ ಆಸ್ಪತ್ರೆಯ ಆವರಣ, ಅಂತರಸನಹಳ್ಳಿ ಮಾರುಕಟ್ಟೆ, ಅಂಗಡಿ ಬಾಗಿಲು ಹಾಕಿದ ಮೇಲಿನ ಎಂ.ಜಿ. ರಸ್ತೆಯ ಜಗಲಿಗಳು. ಬೆಳಗಿನ ಜಾವ ಕೂಲಿಗೆ ಜನ ನಿಲ್ಲುವ ಸರ್ಕಲ್‌ಗಳು. ಹೀಗೆ ಸುತ್ತಿದಾಗ ಕಾಣುವವರೆಲ್ಲ ಒಂದೇ ಬಗೆಯವರಲ್ಲ. ಮಗನ ಮನೆಯಿಂದ ಹೊರಬಿದ್ದ ಮುದುಕರು ಒಂದು ಬಗೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕೂಲಿ ಸಿಗುವವರೆಗೆ ಫುಟ್‌ಪಾತಿನಲ್ಲಿ ಕಳೆಯುವ ಕುಟುಂಬಗಳು ಇನ್ನೊಂದು. ಪಾವಗಡದಿಂದಲೋ ಮಧುಗಿರಿಯಿಂದಲೋ ರೋಗಿಯ ಜೊತೆ ಬಂದು ಆಸ್ಪತ್ರೆ ಕಾರಿಡಾರಿನಲ್ಲಿ ರಾತ್ರಿ ಕಳೆಯುವವರು ಸೂರಿಲ್ಲದವರ ಪಟ್ಟಿಗೆ ಸೇರುವುದಿಲ್ಲ, ಆದರೆ ಆ ವಾರದ ಮಟ್ಟಿಗೆ ಅವರ ಪಾಡೂ ಅದೇ. ಇವರೆಲ್ಲರ ಆಚೆ, ಬಾಡಿಗೆ ಕೋಣೆಯಲ್ಲಿ ಊದುಬತ್ತಿ ಹೊಸೆದು, ಬೀಡಿ ಕಟ್ಟಿ ಬದುಕುವ ಹೆಂಗಸರಿದ್ದಾರೆ. ಒಂದು ತಿಂಗಳು ಮೈ ಸರಿಯಿಲ್ಲದಿದ್ದರೆ ಅವರೂ ಬೀದಿಗೆ ಬೀಳಬಹುದು. ಅವರನ್ನು ಹುಡುಕಲು ರಾತ್ರಿ ಸುತ್ತಬೇಕಿಲ್ಲ, ನಿಮ್ಮ ಸಭೆಯಲ್ಲೇ ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ.

ಒಂದು ಎಚ್ಚರಿಕೆ. ವ್ಯಾನಿನಲ್ಲಿ, ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಗುಂಪಾಗಿ ಹೋಗಬೇಡಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಲು ಅದರಲ್ಲಿ ಅವಕಾಶವಿದೆ. ಬೀದಿಯಲ್ಲಿ ಮಲಗುವವರಿಗೆ ಕಾಯ್ದೆಯ ಹೆಸರು ಗೊತ್ತಿಲ್ಲದಿದ್ದರೂ ಗಾಡಿಯ ಹೆದರಿಕೆ ಚೆನ್ನಾಗಿ ಗೊತ್ತು. (ಅಂದಹಾಗೆ, ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 3ರ ಭಿಕ್ಷುಕರ ಸೆಸ್ ಇದೆ. ನಿರಾಶ್ರಿತರ ಹೆಸರಿನಲ್ಲಿ ನಾವಾಗಲೇ ದುಡ್ಡು ಕೊಡುತ್ತಿದ್ದೇವೆ, ಅದು ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕೂ ನಮಗಿದೆ.)

ಮಾತಾಡಿಸುವಾಗ ಕೂತು ಮಾತಾಡಿ. ಹೆಸರು ಹೇಳಿ, ಹೆಸರು ಕೇಳಿ. "ಏನ್ ಬೇಕು?" ಎಂದರೆ "ಏನಾದ್ರೂ ಕೊಡಿ ಸ್ವಾಮಿ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ, ಮಳೆ ಬಂದ್ರೆ ಏನ್ ಮಾಡ್ತೀರಿ, ಸ್ನಾನ ಎಲ್ಲಿ?" ಎಂದು ಕೇಳಿ ನೋಡಿ. ಕೆಲಸದ ಪಟ್ಟಿ ಅಲ್ಲೇ ಸಿಗುತ್ತದೆ.

ಹೆಜ್ಜೆ 2: ನಲ್ಲಿ, ಕೋಣೆ, ಬೀಗ

ಸುತ್ತಾಟ ಮುಗಿದ ಮೇಲೆ ಚರ್ಚಿನ ಆವರಣವನ್ನೇ ಒಮ್ಮೆ ಹೊಸದಾಗಿ ನೋಡಿ. ವಾರದಲ್ಲಿ ಆರು ದಿನ ಬೀಗ ಬೀಳುವ ಹಾಲ್, ಹಿಂದಿನ ಎರಡು ಶೌಚಾಲಯ, ಬೋರ್‌ವೆಲ್, ಹಳೆಯ ಸಂಡೇ ಸ್ಕೂಲ್ ಕೋಣೆ. ವಾರಕ್ಕೆ ಎರಡು ಬೆಳಗ್ಗೆ ಸ್ನಾನಕ್ಕೆ ಬಾಗಿಲು ತೆರೆದರೆ ಅದು ನೂರು ಪೊಟ್ಟಣಕ್ಕಿಂತ ದೊಡ್ಡ ಕೆಲಸ. ಬೇಕಾಗುವುದು ಹಂಡೆ ಅಥವಾ ಗೀಸರ್, ಸೋಪು, ಬಾಚಣಿಗೆ, ಉಗುರು ಕತ್ತರಿಸುವ ಕತ್ತರಿ, ಒಗೆದ ಹಳೆ ಬಟ್ಟೆ, ಒಳ ಉಡುಪು ಮಾತ್ರ ಹೊಸದು. ಹೆಂಗಸರಿಗೆ ಬೇರೆ ದಿನ ಅಥವಾ ಬೇರೆ ಹೊತ್ತು ಇಡಿ, ಆ ಹೊತ್ತಿನಲ್ಲಿ ಬಾಗಿಲ ಬಳಿ ಹೆಂಗಸರೇ ಇರಲಿ, ಪ್ಯಾಡ್‌ಗಳನ್ನು ಕೇಳದೆಯೇ ತೆಗೆದುಕೊಳ್ಳುವಂತೆ ಕಪಾಟಿನಲ್ಲಿಡಿ. ಬೇಸಿಗೆಯಲ್ಲಿ ತುಮಕೂರಿನ ನೀರಿನ ಪಾಡು ಎಲ್ಲರಿಗೂ ಗೊತ್ತು. ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಖರ್ಚನ್ನು ಈಗಲೇ ಬಜೆಟ್ಟಿನಲ್ಲಿ ಹಾಕಿ.

ಇನ್ನೊಂದು ಯಾರಿಗೂ ಹೊಳೆಯದ ಸಂಗತಿ ಗಂಟು ಇಡುವ ಜಾಗ. ಚಳಿಗಾಲಕ್ಕೆ ಕೊಟ್ಟ ಕಂಬಳಿ ಒಂದೇ ವಾರದಲ್ಲಿ ಮಾಯವಾದರೆ "ಮಾರ್ಕೊಂಡ್ ಕುಡಿದ" ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಹಗಲಿನಲ್ಲಿ ಕಂಬಳಿ ಹೊತ್ತುಕೊಂಡು ಯಾರೂ ಗಾರೆ ಕೆಲಸಕ್ಕೆ ಹೋಗಲಾರರು. ಪಾರ್ಕಿನ ಪೊದೆಯಲ್ಲಿ ಬಚ್ಚಿಟ್ಟದ್ದು ಸಂಜೆ ಬರುವ ಹೊತ್ತಿಗೆ ಇರುವುದಿಲ್ಲ. ಹಳೆ ಕೋಣೆಯಲ್ಲಿ ನಂಬರ್ ಹಾಕಿದ ಒಂದಷ್ಟು ಟ್ರಂಕು, ಬೆಳಗ್ಗೆ ಏಳಕ್ಕೆ ಇಟ್ಟು ಸಂಜೆ ಏಳಕ್ಕೆ ತೆಗೆದುಕೊಳ್ಳುವ ಏರ್ಪಾಡು, ಒಂದು ರಿಜಿಸ್ಟರ್. ಅಷ್ಟಿದ್ದರೆ ಒಬ್ಬ ಮನುಷ್ಯ ಕೂಲಿಗೆ ಹೋಗಬಹುದು.

ಹೆಜ್ಜೆ 3: ಕಾಗದದ ಮೇಜು

ಇಡೀ ಕೆಲಸದ ಬೆನ್ನೆಲುಬು ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಚರ್ಚಿನ ಹಾಲಿನಲ್ಲಿ ಒಂದು ಮೇಜು, ಎರಡು ಕುರ್ಚಿ. ಭಾನುವಾರವೇ ಯಾಕೆಂದರೆ ಕೂಲಿಯವರು ಮಿಕ್ಕ ದಿನ ಬಂದರೆ ಆ ದಿನದ ಸಂಬಳ ಹೋಗುತ್ತದೆ. ಭಾನುವಾರ ಅರ್ಜಿ, ಜೆರಾಕ್ಸ್ ಎಲ್ಲ ಸಿದ್ಧ ಮಾಡಿಟ್ಟು ವಾರದ ದಿನಗಳಲ್ಲಿ ನಿವೃತ್ತರು ಕಚೇರಿ ಸುತ್ತಲಿ. ಹೆಬ್ಬೆಟ್ಟು ಬೇಕಾದ ಒಂದು ದಿನ ಮಾತ್ರ ಆ ಮನುಷ್ಯ ಬಂದರೆ ಸಾಕು. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಯೂ ಇಲ್ಲ, ಬ್ಯಾಂಕೂ ಇಲ್ಲ ಎಂಬುದು ನೆನಪಿರಲಿ.

ಮೊದಲು ಆಧಾರ್. "ಇಲ್ಲ" ಎನ್ನುವವರಲ್ಲಿ ಬಹಳ ಜನಕ್ಕೆ ಹಿಂದೆ ಮಾಡಿಸಿದ್ದು ಇರುತ್ತದೆ, ಕಾರ್ಡ್ ಕಳೆದಿರುತ್ತದೆ, ನಂಬರ್ ಮರೆತಿರುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹಳೆಯದನ್ನೇ ಹುಡುಕಿಸಬಹುದು. ಗೊತ್ತಿಲ್ಲದೆ ಹೊಸದಕ್ಕೆ ಅರ್ಜಿ ಹಾಕಿದರೆ ಅದು ತಿರಸ್ಕಾರವಾಗಿ ತಿಂಗಳುಗಟ್ಟಲೆ ವ್ಯರ್ಥ. ನಿಜಕ್ಕೂ ಇಲ್ಲದವರಿಗೆ ಹೊಸ ನೋಂದಣಿ ಉಚಿತ. ಬೇರೆ ದಾಖಲೆ ಇಲ್ಲದಿದ್ದರೆ ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಶಾಸಕರು, ಗೆಜೆಟೆಡ್ ಅಧಿಕಾರಿ ಅಥವಾ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಸಂಶಯ ಬಂದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಸಭಾಪಾಲಕರ (ಪಾಸ್ಟರ್) ಲೆಟರ್‌ಹೆಡ್ ಇಲ್ಲಿ ಕೆಲಸಕ್ಕೆ ಬಾರದು. ಶಾಸಕರ ಕಚೇರಿಯವರೆಗೆ ಜೊತೆಗೆ ಹೋಗುವ ಸಭಾಪಾಲಕರು ಬಹಳ ಕೆಲಸಕ್ಕೆ ಬರುತ್ತಾರೆ.

ಆಮೇಲೆ ಪಡಿತರ. ಯಾದಗಿರಿಯ ಕುಟುಂಬಕ್ಕೆ ಇಲ್ಲಿ ಹೊಸ ಕಾರ್ಡ್ ಬೇಕಿಲ್ಲ. ಊರಿನ ಕಾರ್ಡ್ ಚಾಲ್ತಿಯಲ್ಲಿದ್ದರೆ ತುಮಕೂರಿನ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತೆಗೆದುಕೊಳ್ಳಬಹುದು. ಇದು ಬಹಳ ಮಂದಿಗೆ ತಿಳಿದೇ ಇಲ್ಲ, ಅಂಗಡಿಯವರು ಮೊದಲ ಸಲ "ಆಗಲ್ಲ" ಅಂದರೆ ವಾಪಸ್ ಬಂದುಬಿಡುತ್ತಾರೆ. ಎರಡನೇ ಸಲ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ. ಜಗಳ ಬೇಡ, ಪಕ್ಕದಲ್ಲಿ ನಿಂತರೆ ಸಾಕು.

ವಯಸ್ಸಾದವರಿಗೆ ಪಿಂಚಣಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ₹1,200. ಅರ್ಜಿ ನಾಡಕಚೇರಿಯಲ್ಲಿ. ತೊಡಕು ಬರುವುದು ವಯಸ್ಸಿನಲ್ಲಿ: ಆಧಾರ್ ಮಾಡಿಸಿದ ದಿನ ಯಾರೋ ಅಂದಾಜಿಗೆ ಜನವರಿ 1 ಎಂದು ಬರೆದು, ಎಪ್ಪತ್ತರ ಅಜ್ಜಿಯನ್ನು ಐವತ್ತೆಂಟು ಮಾಡಿರುತ್ತಾರೆ. ಶಾಲೆಯ ದಾಖಲೆ ಏನಾದರೂ ಸಿಗುತ್ತದೆಯೇ ಹುಡುಕಿ, ಮೊದಲು ಆಧಾರ್‌ನ ವಯಸ್ಸನ್ನು ಸರಿಪಡಿಸಿ, ಆಮೇಲೆ ಪಿಂಚಣಿಗೆ ಹೋಗಿ. ಕಟ್ಟಡ ಕಾರ್ಮಿಕರಾದರೆ ವರ್ಷಕ್ಕೆ 90 ದಿನ ಕೆಲಸ ಮಾಡಿದ ದೃಢೀಕರಣದೊಂದಿಗೆ ಕಲ್ಯಾಣ ಮಂಡಳಿಯ ಕಾರ್ಡ್. 18ರಿಂದ 60 ವಯಸ್ಸಿನವರಿಗೆ ಇದು ಸಿಗುತ್ತದೆ.

ಗೃಹಲಕ್ಷ್ಮಿಯ ₹2,000 ಬರುತ್ತಿಲ್ಲ ಎಂದು ಬರುವ ಹೆಂಗಸರೇ ಈ ಮೇಜಿನ ಮುಂದೆ ಹೆಚ್ಚು. ಅರ್ಜಿ ಸರಿ ಇದ್ದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುವುದು, ಹಳೆಯ ಯಾವುದೋ ಖಾತೆಗೆ ಜೋಡಣೆಯಾಗಿ ದುಡ್ಡು ಅಲ್ಲಿ ಕೂತಿರುವುದು ಸಾಮಾನ್ಯ. ನಿವೃತ್ತ ಬ್ಯಾಂಕ್ ನೌಕರರೊಬ್ಬರು ಸಭೆಯಲ್ಲಿದ್ದರೆ ಅವರನ್ನು ಬಿಡಬೇಡಿ.

ಮೂಲ ದಾಖಲೆಗಳನ್ನು ಮಾತ್ರ ಯಾವ ಕಾರಣಕ್ಕೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಒಂದು ಪ್ಲಾಸ್ಟಿಕ್ ಜಿಪ್ ಕವರ್ ಕೊಟ್ಟು, ಅವರ ಒಪ್ಪಿಗೆ ಇದ್ದರೆ ಜೆರಾಕ್ಸ್ ಒಂದನ್ನು ಬೀರುವಿನಲ್ಲಿಡಿ. ಆಧಾರ್ ನಂಬರ್‌ಗಳ ಫೋಟೋ ಯೂತ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುವುದು ನಿಲ್ಲಲೇಬೇಕು.

ಹೆಜ್ಜೆ 4: ಆಸ್ಪತ್ರೆ ಮತ್ತು ರಾತ್ರಿ

ಆಸ್ಪತ್ರೆಗೆ ಜೊತೆ ಹೋಗುವವರ ಪಾಳಿ ಪಟ್ಟಿಯನ್ನು ಮೊದಲೇ ಮಾಡಿ: ಹಗಲಿಗೊಬ್ಬರು, ರಾತ್ರಿಗೊಬ್ಬರು, ರಾತ್ರಿಯವರಿಗೆ ಮಾರನೇ ದಿನ ರಜೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿಗೆ ಕರೆದೊಯ್ದರೆ, ತುರ್ತು ಸಂದರ್ಭ ಬಿಟ್ಟು, ಬಿಲ್ಲು ಸಭೆಯ ತಲೆಗೆ ಬರುತ್ತದೆ.

ರಾತ್ರಿ ತಂಗುವ ವ್ಯವಸ್ಥೆಯನ್ನು ಚರ್ಚಿನ ಹಾಲಿನಲ್ಲೇ ಶುರು ಮಾಡೋಣ ಎಂದು ಯುವಕರು ಹೇಳುತ್ತಾರೆ. ಬೇಡ ಎನ್ನುತ್ತೇನೆ. ಬೆಂಕಿ, ಕಳ್ಳತನ, ಕುಡಿದು ಬಂದವರು, ಹೆಂಗಸರ ಸುರಕ್ಷತೆ ಇವೆಲ್ಲಕ್ಕೆ ವರ್ಷವಿಡೀ ಸಂಬಳದ ಕಾವಲು ಬೇಕು. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿಯಂತೆ ಲಕ್ಷ ಜನಸಂಖ್ಯೆಗೆ ಆಶ್ರಯ ಕೇಂದ್ರಗಳಲ್ಲಿ ಕನಿಷ್ಠ 100 ಜನಕ್ಕೆ ಜಾಗ, ತಲೆಗೆ 50 ಚದರ ಅಡಿ ಇರಬೇಕಿತ್ತು. 2011ರ ಜನಗಣತಿಯಲ್ಲೇ ತುಮಕೂರು ನಗರ 3 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ. ಮಹಾನಗರ ಪಾಲಿಕೆಗೆ ಹೋಗಿ ಎಷ್ಟು ನಡೆಯುತ್ತಿವೆ, ಎಲ್ಲಿ, ಹೆಂಗಸರಿಗೆ ಬೇರೆ ಕೋಣೆ ಇದೆಯೇ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಕೇಂದ್ರಕ್ಕೆ ನೀವೇ ಒಂದು ರಾತ್ರಿ ಹೋಗಿ ನೋಡಿ. ಜನ ಅಲ್ಲಿಗೆ ಹೋಗದಿರಲು ಸೊಳ್ಳೆಯೋ ಬಾತ್‌ರೂಮ್ ಬಾಗಿಲ ಚಿಲಕವೋ ಕಾರಣವಾಗಿರಬಹುದು, ಅದನ್ನು ಒಂದು ಸಭೆ ಒಂದೇ ವಾರದಲ್ಲಿ ಸರಿ ಮಾಡಿಸಬಲ್ಲದು.

ಹೆಜ್ಜೆ 5: ನೀವಾಗಿ ಕೈ ಹಾಕಬಾರದ ಕಡೆ

ಒಂಟಿ ಮಗು ಕಂಡರೆ ಸಭಾಪಾಲಕರ ಮನೆಯಲ್ಲಿ ಮಲಗಿಸಿಕೊಳ್ಳುವುದು ಪ್ರೀತಿಯೇ ಇರಬಹುದು, ಕಾನೂನು ಒಪ್ಪುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಆಗಲೇ ಕರೆ ಮಾಡಿ. 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ, ನೋಂದಣಿ ಇಲ್ಲದೆ ಮಕ್ಕಳ ಆಶ್ರಯಧಾಮ ನಡೆಸುವುದು ಅಪರಾಧ. ಮಾನಸಿಕ ಕಾಯಿಲೆಯಿಂದ ಅಲೆಯುವವರನ್ನು ಹಿಡಿದು ತಲೆ ಬೋಳಿಸಿ ಸ್ನಾನ ಮಾಡಿಸಿ ವಿಡಿಯೋ ಹಾಕುವುದು ಈಚೆಗೆ ಒಂದು ಸೇವೆಯೇ ಆಗಿಬಿಟ್ಟಿದೆ; ದಯವಿಟ್ಟು ಆ ಸಾಲಿಗೆ ಸೇರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದೆ. 112ಕ್ಕೆ ಕರೆ ಮಾಡಿ, ಜೀಪಿನ ಹಿಂದೆ ನೀವೂ ಹೋಗಿ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮನಸ್ 14416, ಹಿರಿಯರಿಗೆ 14567, ಹೆಂಗಸರಿಗೆ 181, ಉಚಿತ ಕಾನೂನು ನೆರವಿಗೆ 15100. ಈ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಹಿಂದೆ ಅಂಟಿಸಿ.

ಸಾಲದ ಕಾಟವೂ ಈ ಮೇಜಿಗೆ ಬರುತ್ತದೆ. ಸಭೆ ಸಾಲ ಕೊಡುವುದಕ್ಕೂ ತೀರಿಸುವುದಕ್ಕೂ ಇಳಿಯಬಾರದು. ವಸೂಲಿಗೆ ಬಂದು ಕಿರುಕುಳ ಕೊಡುವವರ ವಿರುದ್ಧ ರಾಜ್ಯದಲ್ಲಿ 2025ರಿಂದ ಕಾನೂನಿದೆ. ಠಾಣೆಗೆ ಜೊತೆಗೆ ಹೋಗಿ ದೂರು ಬರೆಸಿ.

ಹೆಜ್ಜೆ 6: ಊಟ, ಕೊಡುವುದೇ ಆದರೆ

ಭಾನುವಾರ ಮಧ್ಯಾಹ್ನ ಬಿಟ್ಟು ರಾತ್ರಿ ಆರಿಸಿಕೊಳ್ಳಿ, ಬಸ್ ನಿಲ್ದಾಣ ಬಿಟ್ಟು ಆಸ್ಪತ್ರೆ ಆವರಣ ಆರಿಸಿಕೊಳ್ಳಿ. ಎರಡಕ್ಕೂ ಮೊದಲು ಅಲ್ಲಿ ಯಾರು ಯಾವ ದಿನ ಕೊಡುತ್ತಿದ್ದಾರೆ ವಿಚಾರಿಸಿ. ಮಸೀದಿಯವರೋ ಯುವಕ ಸಂಘದವರೋ ಆಗಲೇ ಕೊಡುತ್ತಿದ್ದರೆ ಅವರ ಜೊತೆ ದಿನ ಹಂಚಿಕೊಳ್ಳಿ. ಹಲ್ಲಿಲ್ಲದವರು ಬಹಳ, ಹಾಗಾಗಿ ಮೆತ್ತಗಿನದು ಮಾಡಿ: ಬಿಸಿಬೇಳೆಬಾತ್, ಪೊಂಗಲ್, ರಾಗಿ ಅಂಬಲಿ, ಜೊತೆಗೊಂದು ಬೇಯಿಸಿದ ಮೊಟ್ಟೆ. ತೆಂಗಿನಕಾಯಿ ಚಟ್ನಿ ಪೊಟ್ಟಣದಲ್ಲಿ ಬೇಡ, ಬೇಗ ಹಳಸುತ್ತದೆ. ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಮದುವೆ ಮನೆಯ ಉಳಿಕೆಯನ್ನು ತಂದು ಕೊಡುತ್ತೇವೆ ಎನ್ನುವವರಿಗೆ ನಯವಾಗಿ ಬೇಡ ಎನ್ನಿ. ಅದು ಎಷ್ಟು ಹೊತ್ತಿಗೆ ಬೆಂದಿತ್ತು ಎಂದು ನಿಮಗೆ ತಿಳಿಯುವುದಿಲ್ಲ.

ಹೆಜ್ಜೆ 7: ಪ್ರಾರ್ಥನೆ, ಫೋಟೋ, ದುಡ್ಡು

ತಟ್ಟೆಯ ಜೊತೆ ಕರಪತ್ರ ಇಡಬೇಡಿ. ಊಟಕ್ಕೆ ಮುಂಚೆ ಹಾಡಿಸಬೇಡಿ. ಆರಾಧನೆಗೆ ಬಂದವರಿಗೆ ಮಾತ್ರ ಟ್ರಂಕು ಎಂಬ ನಿಯಮ ಮಾಡಬೇಡಿ. ರಾಜ್ಯದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ಉಚಿತ ಶಿಕ್ಷಣವನ್ನೂ ಆಮಿಷದ ವ್ಯಾಖ್ಯೆಯೊಳಗೆ ತಂದಿತು. ಅದನ್ನು ಹಿಂಪಡೆಯುವ ತೀರ್ಮಾನವನ್ನು 2023ರ ಜೂನ್‌ನಲ್ಲಿ ಸಚಿವ ಸಂಪುಟ ಮಾಡಿತು. ಕಾಯ್ದೆ ಇರಲಿ, ಹೋಗಲಿ, ನನ್ನ ಲೆಕ್ಕದಲ್ಲಿ ಇದು ಮರ್ಯಾದೆಯ ವಿಷಯ. ಹಸಿದು, ಹೇಳಿದ್ದನ್ನೆಲ್ಲ ಒಪ್ಪಲೇಬೇಕಾದ ಸ್ಥಿತಿಯಲ್ಲಿರುವವರಿಂದ ಆಮೆನ್ ಹೇಳಿಸುವುದರಲ್ಲಿ ಅರ್ಥವಿಲ್ಲ. ಅವರಾಗಿಯೇ "ಒಂದ್ ಪ್ರಾರ್ಥನೆ ಮಾಡಿ ಸಿಸ್ಟರ್" ಅಂದರೆ ಖಂಡಿತ ಮಾಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಓದಿದವರು ಫೇಸ್‌ಬುಕ್ಕಿಗೆ ತಿಳಿಸುವುದೂ ಬೇಡ. ವರದಿಗೆ ಚಿತ್ರ ಬೇಕೇಬೇಕೆಂದರೆ ಟ್ರಂಕುಗಳ ಫೋಟೋ ಹಾಕಿ.

ದುಡ್ಡಿಗೆ ಪ್ರತ್ಯೇಕ ಖಾತೆ, ಎರಡು ಸಹಿ, ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಲೆಕ್ಕ. ಹಾರ್ವೆಸ್ಟ್ ಹಬ್ಬದ ಹರಾಜಿನಲ್ಲಿ ಬಂದ ಒಂದು ಪಾಲನ್ನು ಇದಕ್ಕೆ ಗೊತ್ತು ಮಾಡಿದರೆ ವರ್ಷದ ಸೋಪು, ಜೆರಾಕ್ಸ್, ಆಟೋ ಬಾಡಿಗೆ ನಡೆಯುತ್ತದೆ. ಹೊರದೇಶದಲ್ಲಿರುವ ಸ್ನೇಹಿತರ ಚರ್ಚು ಕಳಿಸುತ್ತೇನೆ ಎಂದರೆ, ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ, ಯಾರದೋ ವೈಯಕ್ತಿಕ ಖಾತೆಗಂತೂ ಬೇಡವೇ ಬೇಡ. 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ) ಇರುವ ಸಂಸ್ಥೆಯಾದರೆ ₹2,000 ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ಕೊಡುವವರಿಗೆ ಮೊದಲೇ ಹೇಳಿ.

ಹೆಜ್ಜೆ 8: ವರ್ಷದ ಪಂಚಾಂಗ

ಡಿಸೆಂಬರಿನಲ್ಲಿ ಎಲ್ಲರೂ ಕೊಡುತ್ತಾರೆ, ಕ್ರಿಸ್ಮಸ್ ಮುಗಿದ ಮೇಲೆ ಬಾಗಿಲು ಮುಚ್ಚುತ್ತದೆ. ಹಾಗಾಗಿ ತಿಂಗಳುಗಳನ್ನು ಮುಂಚೆಯೇ ಹಂಚಿಟ್ಟುಕೊಳ್ಳಿ. ತುಮಕೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಟಾರ್ಪಾಲು ಆಗಸ್ಟಿನಲ್ಲೇ ಬೇಕು. ಕಂಬಳಿ ನವೆಂಬರ್ ಮೊದಲ ವಾರ, ಕ್ರಿಸ್ಮಸ್ ಹೊತ್ತಿಗೆ ತಂದರೆ ಅರ್ಧ ಚಳಿ ಕಳೆದಿರುತ್ತದೆ. ಶಾಲೆಯ ಪುಸ್ತಕ, ಬ್ಯಾಗು, ವರ್ಗಾವಣೆ ಪತ್ರದ ಓಡಾಟ ಮೇ ಕೊನೆಯಲ್ಲಿ. ಅದೇ ಮೇ ತಿಂಗಳಲ್ಲಿ ಸ್ವಯಂಸೇವಕರೆಲ್ಲ ಊರಿಗೆ, ಮದುವೆಗೆ ಹೋಗಿರುತ್ತಾರೆ. ಟ್ರಂಕು ಕೋಣೆಯ ಬೀಗದ ಕೈ ಆ ತಿಂಗಳು ಯಾರ ಹತ್ತಿರ ಎಂಬುದನ್ನು ಏಪ್ರಿಲ್ ಮೀಟಿಂಗಿನಲ್ಲೇ ಬರೆದಿಡಿ, ಪಕ್ಕದಲ್ಲಿ ಅವರ ಫೋನ್ ನಂಬರನ್ನೂ.